ಬೆತ್ತ ಹೋಯಿತು, ಗದ್ದಲ ಯಾಕೆ ಉಳಿಯಿತು?

ಶಿಕ್ಷಕರೆಲ್ಲರಿಗೂ ನಮಸ್ಕಾರ. ಬೆಳಗಿನ ಗೋಷ್ಠಿಯಲ್ಲಿ ಹಿರಿಯ ಸರ್ ಒಬ್ಬರು ಎದ್ದು ನಿಂತು, "ಬೆತ್ತ ಕಿತ್ಕೊಂಡ್ರಿ, ಈಗ ಶಿಸ್ತು ಎಲ್ಲಿಂದ ತರೋಣ್ರಿ?" ಎಂದು ಕೇಳಿದರು. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಅದಕ್ಕೇ ನಾನು ಬರೆದು ತಂದದ್ದನ್ನು ಬದಿಗಿಟ್ಟು ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾನೂನು ನಿಮಗೆ ಗೊತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನನ್ನು ಸ್ವಲ್ಪ ಪಕ್ಕಕ್ಕಿಡೋಣ. ಬೆತ್ತ ಇದ್ದಾಗ ಗದ್ದಲ ಇರಲಿಲ್ಲವೇ? ಸರ್ ಹೊರಗೆ ಹೋದ ಕೂಡಲೇ ನಾವೆಲ್ಲ ಏನು ಮಾಡುತ್ತಿದ್ದೆವು, ನೆನಪಿದೆ ಅಲ್ವಾ?

ಅಮೆರಿಕದಲ್ಲಿ ಜೇಕಬ್ ಕೌನಿನ್ ಎಂಬ ಸಂಶೋಧಕರು ಇದನ್ನೇ ತರಗತಿಗಳಲ್ಲಿ ಕೂತು ನೋಡಿದರು. 1970ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಈಗಲೂ ಓದುವಂಥದ್ದು. ಮಗು ತಂಟೆ ಮಾಡಿದ ಮೇಲೆ ಟೀಚರ್ ಹೇಗೆ ಗದರಿದರು ಎಂಬುದರಿಂದ ತರಗತಿಯಲ್ಲಿ ಅಂಥ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ತಂಟೆ ಶುರುವಾಗುವ ಮೊದಲು ಅವರು ಏನು ಮಾಡುತ್ತಿದ್ದರು ಎಂಬುದರಿಂದ ಆಗುತ್ತಿತ್ತು. ಇಡೀ ಕೋಣೆಯ ಮೇಲೆ ಕಣ್ಣಿರಬೇಕು. ಪಾಠ ನಡುವೆ ನಿಂತು ಹೋಗಬಾರದು. ಯಾವ ಮಗುವೂ ಕೆಲಸವಿಲ್ಲದೆ ಕೂರಬಾರದು. ನಾನು ಈ ಮೂರನೆಯದನ್ನೇ ಹಿಡಿದುಕೊಂಡಿದ್ದೇನೆ. ಗದ್ದಲ ಹುಟ್ಟುವುದು ಖಾಲಿ ನಿಮಿಷಗಳಲ್ಲಿ.

ಸಿಂಧನೂರು ಕಡೆಯ ಒಂದು ಶಾಲೆಯ ಐದನೇ ತರಗತಿಯಲ್ಲಿ ನಾನು ಹಿಂದೆ ಕೂತಿದ್ದೆ. ಟೀಚರ್ ಒಳ್ಳೆಯವರು, ಮಕ್ಕಳ ಮೇಲೆ ಜೀವ. ಬೋರ್ಡಿನ ಮೇಲೆ ಐದು ಭಾಗಾಕಾರದ ಲೆಕ್ಕ ಬರೆದು, ಟೇಬಲ್ ಹತ್ತಿರ ಕೂತರು. ಸ್ವಲ್ಪ ಹೊತ್ತಿಗೇ ಮುಂದಿನ ಸಾಲಿನ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. "ಟೀಚರ್ ರೀ, ನಂದು ಆತ್ರಿ, ಈಗ ಏನ್ ಮಾಡ್ಲಿ?" "ಸುಮ್ನೆ ಕೂಡವ್ವಾ." ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬಳು ಬಂದಳು. ಟೇಬಲ್ ಸುತ್ತ ಗುಂಪು ಕಟ್ಟಿತು, ಟೀಚರ್ ಅವರಿಗೆ ಉಳಿದ ತರಗತಿ ಕಾಣದಾಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಪಕ್ಕದವನ ಪೆನ್ಸಿಲ್ ಕಸಿದ. ಅವನ ಮನೆಯವರು ಗುಳೆ ಹೋಗಿ ಬೆಂಗಳೂರಿನಿಂದ ಆಗಷ್ಟೇ ವಾಪಸ್ ಬಂದಿದ್ದರು. ಅವನಿಗೆ ಭಾಗಾಕಾರ ಬರುತ್ತಿರಲಿಲ್ಲ. ಹುಡುಗಿಗೆ ಕೆಲಸ ಮುಗಿದಿತ್ತು, ಹುಡುಗನಿಗೆ ಶುರುವೇ ಆಗಿರಲಿಲ್ಲ. ಇಬ್ಬರ ಕೈಯೂ ಖಾಲಿ. ಬೈಗುಳ ಬಿದ್ದದ್ದು ಮಾತ್ರ ಹುಡುಗನಿಗೆ.

ಪಾಠ ಮುಗಿದ ಮೇಲೆ ನಾವಿಬ್ಬರೂ ಚಹಾ ಕುಡಿಯುತ್ತಾ ಮಾತಾಡಿದೆವು. ಮರುವಾರದಿಂದ ಅವರು ಬೋರ್ಡಿಗೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದರು. ಎಡಕ್ಕೆ, ಭಾಗಾಕಾರ ಇನ್ನೂ ಬಾರದವರಿಗೆ ಮಗ್ಗಿ, ಕಳೆಯುವ ಲೆಕ್ಕ. ನಡುವೆ ಅವತ್ತಿನ ಪಾಠ. ಬಲಕ್ಕೆ ಮೊದಲೇ ಮುಗಿಸಿದವರಿಗೆ ಒಂದು ಕೆಲಸ: ನಿಮ್ಮ ಮನೆಯ ಹತ್ತಿ ತೂಕದ ಮೇಲೆ ನೀವೇ ಒಂದು ಲೆಕ್ಕ ಕಟ್ಟಿರಿ. ಟೇಬಲ್ ಬಿಟ್ಟು ತಾವೇ ಸಾಲುಗಳ ನಡುವೆ ಓಡಾಡಿ ತಿದ್ದತೊಡಗಿದರು. ಇಷ್ಟೇ ಮಾಡಿದ್ದು. ತರಗತಿಯಲ್ಲಿ ಆಮೇಲೂ ಮಾತಿತ್ತು. ಲೆಕ್ಕದ ಮಾತು.

ನಲಿ-ಕಲಿ ಮಾಡಿದವರಿಗೆ ಇದೇನು ಹೊಸದಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಗು ತನ್ನ ಕಲಿಕೆಯ ಮೈಲಿಗಲ್ಲು ತಾನೇ ನೋಡಿಕೊಂಡು ಮುಂದಕ್ಕೆ ಹೋಗುತ್ತದೆ. ಟೀಚರ್ ಪೂರ್ತಿ ಸಹಾಯ ಮಾಡುವ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಐದು ತಟ್ಟೆಗಳಿವೆ, ಅಂದರೆ ಮಕ್ಕಳು ಕೂರುವ ಐದು ಗುಂಪುಗಳು. ಮೂರು ವರ್ಷ ಹೀಗೆ ಕಲಿತ ಮಗುವನ್ನು ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲಿನಲ್ಲಿ ಕೂರಿಸಿ, "ಎಲ್ಲರೂ ಮುಗಿಸುವ ತನಕ ತಡಿ" ಎನ್ನುತ್ತೇವೆ. ನನಗೆ ಇದು ನಿಜಕ್ಕೂ ಸಂಕಟ ಕೊಡುತ್ತದೆ. ಕಾಯದೆ ಮುಂದಕ್ಕೆ ಹೋಗುವುದನ್ನು ನಾವೇ ಕಲಿಸಿ, ಕಾಯಲಾರದವನನ್ನು ತುಂಟ ಎನ್ನುತ್ತೇವೆ.

ನಿಮ್ಮ ಕಷ್ಟ ಗೊತ್ತು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಕಾಯ್ದೆ ಹೇಳುತ್ತದೆ. ಒಬ್ಬರೇ ಎರಡು ಮೂರು ತರಗತಿ ಸೇರಿಸಿಕೊಂಡು ಕೂತವರು ಈ ಸಭೆಯಲ್ಲಿದ್ದೀರಿ. ಮೇಲೆ ನಮ್ಮ ರಾಯಚೂರಿನ ಬಿಸಿಲು. ಕಷ್ಟ ಹೆಚ್ಚಿದ್ದಷ್ಟೂ ಎಡದ ಕೆಲಸ, ಬಲದ ಕೆಲಸ ಬೋರ್ಡಿನ ಮೇಲೆ ಮೊದಲೇ ಇರಬೇಕು ಎನ್ನುತ್ತೇನೆ. ಸುಮ್ನೆ ಕೂಡು ಎಂದು ಕೂಗಿ ಗಂಟಲು ಯಾಕೆ ಕೆಡಿಸಿಕೊಳ್ಳುತ್ತೀರಿ?

ಚೀಟಿ ಬಂತು, ಐದೇ ನಿಮಿಷ ಉಳಿದಿದೆಯಂತೆ. ಬೇಗ ಹೇಳುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡಾದರೂ ಕಾಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ, ಟೀಚರುಗಳು ಉತ್ತರಕ್ಕಾಗಿ ಒಂದು ಸೆಕೆಂಡಿನಷ್ಟೇ ಕಾಯುವುದನ್ನು ಕಂಡಿದ್ದರು. ಕಾಯುವುದು ಹೆಚ್ಚಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಟ್ಟರು. ಇನ್ನೊಂದು, ನಮ್ಮಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಜಾಸ್ತಿ. ಪಿಸುಗುಡುವ ಹುಡುಗಿ ಪಕ್ಕದವಳಿಗೆ ಪಾಠವನ್ನು ತೆಲುಗಿನಲ್ಲಿ ಹೇಳಿಕೊಡುತ್ತಿರಬಹುದು. ಗದರುವ ಮೊದಲು ಕಿವಿಗೊಡಿ.

ಊಟ ಮುಗಿಸಿ ಬರುವಾಗ ಮುಂದಿನ ವಾರದ ಒಂದು ಪಾಠ ಆರಿಸಿಕೊಂಡು ಬನ್ನಿ. ಅದಕ್ಕೆ ಎಡದ ಕೆಲಸ, ಬಲದ ಕೆಲಸ ಇಲ್ಲೇ ಕೂತು ಬರೆಯೋಣ. ಗಣಿತದವರು ಕಿಟಕಿ ಕಡೆ, ಭಾಷೆಯವರು ಬಾಗಿಲ ಕಡೆ. ಬೆಳಗ್ಗೆ ಪ್ರಶ್ನೆ ಕೇಳಿದ ಸರ್ ನನ್ನ ಜೊತೆ ಕೂತುಕೊಳ್ಳಲಿ, ಅವರ ತರಗತಿಯ ಪಾಠದಿಂದಲೇ ಶುರು ಮಾಡೋಣ.