ಸೋಲಾರ್ ಹಾಕಿಸಿದಿರಿ ಸರಿ, ಫೈಲ್ ಎಲ್ಲಿ?

ನೋಡಿ, ಇದು ನಮ್ಮ ಮನೆಯ ನೀಲಿ ಪ್ಲಾಸ್ಟಿಕ್ ಕವರ್. ಸೋಲಾರ್ ಹಾಕಿ ಮುಗಿಸಿದ ದಿನ ಏಜೆನ್ಸಿಯವರು ಕೊಟ್ಟಿದ್ದು. ಒಳಗಿರುವುದು ಮೂರೇ. ಒಂದು ಕೊಟೇಶನ್, ಅರ್ಧ ತುಂಬಿದ ವಾರಂಟಿ ಕಾರ್ಡ್, ಮತ್ತೆ ಅವರದೇ ಅಂಗಡಿಯ ಕ್ಯಾಲೆಂಡರ್. ಕ್ಯಾಲೆಂಡರ್ ಚೆನ್ನಾಗಿತ್ತು, ಒಂದು ವರ್ಷ ಅಡುಗೆಮನೆಯಲ್ಲಿ ನೇತಾಡಿತು.

ಹದಿನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಏಪ್ರಿಲ್‌ನ ಒಂದು ಸಂಜೆ, ನಮ್ಮ ತೀರ್ಥಹಳ್ಳಿ ಕಡೆಯ ಸಿಡಿಲು ನಿಮಗೆ ಗೊತ್ತಲ್ಲ, ಮನೆ ಪಕ್ಕದ ತೋಟಕ್ಕೇ ಹೊಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಇನ್ವರ್ಟರ್ ಪರದೆ ಕಪ್ಪು. ಕಂಪನಿಯ ಸರ್ವೀಸ್ ನಂಬರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಮೂರು ವಿಷಯ ಕೇಳಿದರು: ಸೀರಿಯಲ್ ನಂಬರ್, ಕಮಿಷನಿಂಗ್ ಆದ, ಅಂದರೆ ಪರೀಕ್ಷಿಸಿ ಚಾಲೂ ಮಾಡಿದ, ತಾರೀಖಿನ ದಾಖಲೆ, ಅರ್ಥಿಂಗ್ ಟೆಸ್ಟ್ ರಿಪೋರ್ಟ್. ಸೀರಿಯಲ್ ನಂಬರ್ ಮೆಷಿನ್ ಪಕ್ಕದಲ್ಲೇ ಅಂಟಿಸಿತ್ತು. ಉಳಿದೆರಡು ನನ್ನ ಹತ್ತಿರ ಇರಲಿಲ್ಲ. ಏಜೆನ್ಸಿಯವರ ಫೋನ್ ಸ್ವಿಚ್ ಆಫ್. ಸಿಡಿಲಿನ ಹಾನಿ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದೇ ಕಷ್ಟ. ಅರ್ಥಿಂಗ್ ಸರಿ ಇತ್ತು ಎಂದು ತೋರಿಸಲೂ ಒಂದು ಚೀಟಿ ಇಲ್ಲ ಅಂದರೆ ಏನಂತ ವಾದ ಮಾಡುವುದು? ಇನ್ವರ್ಟರ್ ಒಳಗಿನ ಬೋರ್ಡ್ ರಿಪೇರಿಗೆ ಕೈಯಿಂದ 18,000 ರೂಪಾಯಿ ಹೋಯಿತು.

ಅದಕ್ಕೇ ಇವತ್ತು ಸಾಗರಕ್ಕೆ, ಅಕ್ಕನ ಮನೆಗೆ ಬಂದಿದ್ದೇನೆ. ಇಲ್ಲಿ 3 ಕಿಲೋವಾಟ್ ಸೋಲಾರ್, ಜೊತೆಗೆ 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಹಾಕಿ ಮುಗಿಸುತ್ತಿದ್ದಾರೆ. ಭಾವನಿಗೆ ನಾನು ಮೊದಲೇ ಹೇಳಿದ್ದೆ, ಕೊನೆಯ ಕಂತು ಮಾತ್ರ ಎಲ್ಲ ದಾಖಲೆ ಇರುವ ಫೈಲ್ ಕೈಗೆ ಬರುವವರೆಗೆ ಕೊಡಬೇಡಿ ಅಂತ. ಭಾವ ಸ್ವಲ್ಪ ಸಂಕೋಚದ ಮನುಷ್ಯ. "ಊರಿನ ಹುಡುಗರು ಮಾರಾಯ, ಹೇಗೆ ಹೇಳೋದು?" ಅಂದರು. ಅಕ್ಕ ಹೇಳಿದಳು. ಅವಳಿಗೆ ಸಂಕೋಚ ಇಲ್ಲ.

ಈಗ ತಾರಸಿಗೆ ಹೋಗೋಣ. ಆರು ಪ್ಯಾನೆಲ್, ಒಂದೊಂದು 540 ವಾಟ್. ಪ್ರತಿ ಪ್ಯಾನೆಲ್ ಹಿಂದೆ ಒಂದು ಸ್ಟಿಕ್ಕರ್ ಇದೆ, ಅದರಲ್ಲಿ ಸೀರಿಯಲ್ ನಂಬರ್. ನಮ್ಮ ಮನೆಯಲ್ಲಿ ನಾನು ಇದನ್ನು ಆಮೇಲೆ ತೆಗೆಯಲು ಹೋಗಿದ್ದೆ. ಪ್ಯಾನೆಲ್‌ಗೂ ತಾರಸಿಗೂ ನಡುವೆ ಒಂದೂವರೆ ಅಡಿ ಸಂದು. ಸೆಲ್ಫಿ ಸ್ಟಿಕ್‌ಗೆ ಫೋನ್ ಸಿಕ್ಕಿಸಿ ಒಳಗೆ ತೂರಿಸಿದೆ. ಮೂರನೇ ಪ್ಯಾನೆಲ್ ಅಡಿಯಲ್ಲಿ ಕಡಜದ ಗೂಡು. ಫೋಟೋ ಬಂತು, ಜೊತೆಗೆ ಕೈ ಎರಡು ದಿನ ಊದಿಕೊಂಡಿತ್ತು. ಪ್ಯಾನೆಲ್ ಮೇಲೆ ಏರಿಸುವ ಮೊದಲೇ ಅಂಗಳದಲ್ಲಿ ಒರಗಿಸಿಟ್ಟಾಗ ಆರಕ್ಕೂ ಫೋಟೋ ಹೊಡೆದುಕೊಳ್ಳಿ, ಎರಡು ನಿಮಿಷದ ಕೆಲಸ.

ಆಮೇಲೆ ಆ ನಂಬರ್‌ಗಳನ್ನು ಕಾಗದದ ಜೊತೆ ತಾಳೆ ನೋಡಿ. ಬಿಲ್‌ನಲ್ಲಿ "ಸೋಲಾರ್ ಸಿಸ್ಟಮ್ 1" ಎಂದು ಒಂದೇ ಸಾಲು ಇದ್ದರೆ ಒಪ್ಪಬೇಡಿ. ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ, ಮೂರಕ್ಕೂ ಕಂಪನಿ ಹೆಸರು, ಮಾಡೆಲ್ ಬೇರೆ ಬೇರೆ ಇರಬೇಕು. ಕಂಪನಿಯಿಂದ ಫ್ಲಾಶ್ ಟೆಸ್ಟ್ ರಿಪೋರ್ಟ್ ಅಂತ ಬರುತ್ತದೆ, ಕೇಳಿ. ಫ್ಯಾಕ್ಟರಿಯಲ್ಲಿ ಪ್ರತಿ ಪ್ಯಾನೆಲ್ ಎಷ್ಟು ವಾಟ್ ಕೊಟ್ಟಿತು ಎಂದು ಸೀರಿಯಲ್ ನಂಬರ್ ಸಮೇತ ಇರುತ್ತದೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿಗೆ ಪ್ಯಾನೆಲ್ ಮಾತ್ರ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಡಿಸಿಆರ್ ಸರ್ಟಿಫಿಕೇಟ್ ಅನ್ನುವುದು ಅದಕ್ಕೇ. ಬ್ಯಾಟರಿಗೆ ಈ ಯೋಜನೆಯಲ್ಲಿ ಸಬ್ಸಿಡಿ ಇಲ್ಲ, ಯಾರಾದರೂ ಇದೆ ಅಂದರೆ ನಂಬಬೇಡಿ. ಹಾಂ, ಇದೇ ಯೋಜನೆಯಲ್ಲಿ ಹಾಕಿಸಿದರೆ ಐದು ವರ್ಷ ನೋಡಿಕೊಳ್ಳುವ ಹೊಣೆ ಹಾಕಿದವರದ್ದೇ. ಅದು ಇರುವ ಒಪ್ಪಂದದ ಪ್ರತಿ ನಿಮ್ಮ ಹತ್ತಿರ ಇರಲಿ.

ಈಗ ಟೆಸ್ಟ್ ರಿಪೋರ್ಟ್. ಇದನ್ನು ಸ್ವಲ್ಪ ನಿಧಾನವಾಗಿ ತೋರಿಸುತ್ತೇನೆ. ಏಜೆನ್ಸಿಯ ಹುಡುಗ ಕೊಟ್ಟ ಹಾಳೆ ನೋಡಿ. ಪ್ಯಾನೆಲ್ ಅರ್ಥಿಂಗ್, ಮುಂದೆ "ಓಕೆ". ಎಸಿ, ಅಂದರೆ ಮನೆ ಕರೆಂಟ್ ಬದಿಯ ಅರ್ಥಿಂಗ್, "ಓಕೆ". ಸಿಡಿಲು ಕಂಬದ ಅರ್ಥಿಂಗ್, ಅದಕ್ಕೂ "ಓಕೆ". ಓಕೆ ಅಂದರೆ ಎಷ್ಟು ಓಮ್? ಕರೆಂಟ್ ನೆಲಕ್ಕೆ ಇಳಿಯಲು ಇರುವ ಅಡ್ಡಿಯ ಅಳತೆ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಕೇಳಿದ್ದಕ್ಕೆ, "ಅಣ್ಣ, ಇದನ್ನೆಲ್ಲ ಯಾರೂ ಕೇಳಲ್ಲ" ಅಂದ. ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. ಮೀಟರ್ ತಂದೇ ಇರಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಅರ್ಥ್ ಟೆಸ್ಟರ್ ತಂದ. ಎರಡು ಕಬ್ಬಿಣದ ಗೂಟವನ್ನು ದೂರ ದೂರದಲ್ಲಿ ಮಣ್ಣಿಗೆ ಬಡಿದು, ವೈರ್ ಎಳೆದು ಅಳೆದ. ಮೊದಲೆರಡು 2.8, 3.1 ಓಮ್. ಸಿಡಿಲು ಕಂಬದ್ದು 7.4 ಬಂತು. ಸಾಮಾನ್ಯವಾಗಿ 5 ಓಮ್‌ಗಿಂತ ಕಡಿಮೆ ಇರಲಿ ಅನ್ನುತ್ತಾರೆ. ಅಂದರೆ "ಓಕೆ" ಎಂದು ಬರೆದಿದ್ದ ಮೂರರಲ್ಲಿ ಒಂದು ಓಕೆ ಇರಲಿಲ್ಲ! ಕ್ಲಾಂಪ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ ಗುಂಡಿಗೆ ನೀರು ಹಾಕಿದ ಮೇಲೆ 4.3ಕ್ಕೆ ಇಳಿಯಿತು. ಮಲೆನಾಡಿನವರಿಗೆ ಒಂದು ಮಾತು: ಮಳೆಗಾಲದಲ್ಲಿ ಅಳೆದರೆ ಎಲ್ಲರ ಮನೆಯ ಅರ್ಥಿಂಗೂ ಚಂದವೇ ಕಾಣುತ್ತದೆ. ಸಿಡಿಲು ಶುರುವಾಗುವುದು ನೆಲ ಒಣಗಿರುವ ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಇನ್ನೊಮ್ಮೆ ಅಳೆಸಿ.

ಹೀಗೆ ಕೇಳುವುದು ಕಿರಿಕಿರಿ ಮಾಡಿದಂತೆ ಅಲ್ವಾ ಅನ್ನಿಸಬಹುದು. ಐಇಸಿ 62446-1 ಎಂಬ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಇರುವುದೇ ಇದಕ್ಕೆ. ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನಿಗೆ, ಸೇರಿದ ಸೋಲಾರ್ ಹಾಕಿದ ಮೇಲೆ ಏನೇನು ಟೆಸ್ಟ್ ಮಾಡಬೇಕು, ಮನೆಯವರಿಗೆ ಏನೇನು ದಾಖಲೆ ಕೊಡಬೇಕು ಎಂದು ಅದು ಹೇಳುತ್ತದೆ. ನಾವು ಹೊಸದೇನೂ ಕೇಳುತ್ತಿಲ್ಲ.

ಬ್ಯಾಟರಿ ವಾರಂಟಿಗೆ ಬರೋಣ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ 10 ವರ್ಷ. ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಅಥವಾ 16 ಮೆಗಾವಾಟ್ ಅವರ್, ಯಾವುದು ಮೊದಲೋ ಅದು. 16 ಮೆಗಾವಾಟ್ ಅವರ್ ಅಂದರೆ 16,000 ಯೂನಿಟ್. ದಿನಕ್ಕೆ 4.5 ಯೂನಿಟ್ ಬಳಸಿದರೆ ಹತ್ತು ವರ್ಷಕ್ಕೆ ಹತ್ತಿರ ಬರುತ್ತದೆ. ದಿನಕ್ಕೆ ಎರಡು ಸಲ ಖಾಲಿ ಮಾಡಿ ತುಂಬಿಸಿದರೆ ಐದು ವರ್ಷದೊಳಗೇ ವಾರಂಟಿ ಮುಗಿಯಿತು. ಜಾಗದ ಉಷ್ಣತೆಗೂ ಒಂದು ಮಿತಿ ಹಾಕಿದ್ದಾರೆ. ಭಾವ ಬ್ಯಾಟರಿಯನ್ನು ಬಚ್ಚಲ ಒಲೆಯ ಗೋಡೆಯ ಆಚೆ ಬದಿಗೆ ಇಡಿಸುವವರಿದ್ದರು. ಆ ಪುಟ ಓದಿದ ಮೇಲೆ ಜಗಲಿಯ ಮೂಲೆಗೆ ಬಂತು.

ಈ ಡಿಬಿ, ಅಂದರೆ ಮನೆಯ ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆ, ಅದರ ಬಾಗಿಲ ಒಳಗೆ ಅಂಟಿಸಿರುವುದು ಲೈನ್ ಡಯಾಗ್ರಮ್. ಪ್ಯಾನೆಲ್‌ನಿಂದ ಇನ್ವರ್ಟರ್, ಅಲ್ಲಿಂದ ಬ್ಯಾಟರಿ, ಮೀಟರ್, ಮತ್ತೆ ಕರೆಂಟ್ ಹೋದಾಗ ಯಾವ ಯಾವ ಪಾಯಿಂಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಎಲ್ಲ ಇದೆ. ಕೆಳಗೆ ಆಫ್ ಮಾಡುವ ಕ್ರಮ, ಇನ್ವರ್ಟರ್ ಮ್ಯಾನುಯಲ್‌ನಲ್ಲಿ ಇದ್ದಂತೆ. ಅಕ್ಕ ಅದನ್ನು ಕನ್ನಡದಲ್ಲಿ ಬರೆಸಿ ಲ್ಯಾಮಿನೇಷನ್ ಮಾಡಿಸಿದ್ದಾಳೆ, ಅತ್ತೆಗೂ ಓದಲು ಬರಲಿ ಅಂತ. ಮೇನ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್‌ನಿಂದ ಇಳಿಯುವ ವೈರಿನಲ್ಲಿ ಸುಮಾರು 290 ವೋಲ್ಟ್ ಇರುತ್ತದೆ. ಅದನ್ನು ಕೆಂಪು ಅಕ್ಷರದಲ್ಲಿ ಬರೆಸಿದ್ದಾಳೆ.

ಇನ್ವರ್ಟರ್‌ನ ಮೊಬೈಲ್ ಆ್ಯಪ್ ಕೂಡ ಒಂದು ದಾಖಲೆಯೇ. ಇಲ್ಲಿ ಅಕೌಂಟ್ ಏಜೆನ್ಸಿಯವರ ಇಮೇಲ್‌ನಲ್ಲಿತ್ತು, ಭಾವ ಬರೀ ಅತಿಥಿ. ಸ್ವಂತ ಮನೆಯ ಇನ್ವರ್ಟರ್‌ಗೆ ಅತಿಥಿ! ಈಗ ಮಾಲೀಕರಾಗಿ ಭಾವನ ಹೆಸರೇ ಇದೆ.

ಉಳಿದಿದ್ದು ಕರೆಂಟ್ ಕಂಪನಿ ಮೆಸ್ಕಾಂ ಜೊತೆಗಿನ ನೆಟ್ ಮೀಟರಿಂಗ್ (ಬಂದ ಕರೆಂಟಿಗೂ ನಾವು ಕೊಟ್ಟಿದ್ದಕ್ಕೂ ಲೆಕ್ಕ ಹಾಕುವ) ಒಪ್ಪಂದ, ಮೀಟರ್ ಟೆಸ್ಟ್ ರಿಪೋರ್ಟ್, ಕಮಿಷನಿಂಗ್ ರಿಪೋರ್ಟ್. ಹೊಸ ಮೀಟರ್ ಕೂರಿಸಿದ ದಿನದ ಎರಡೂ ರೀಡಿಂಗ್, ಒಳಗೆ ಬಂದಿದ್ದು, ಹೊರಗೆ ಹೋಗಿದ್ದು, ಭಾವ ಫೋಟೋ ತೆಗೆದಿಟ್ಟಿದ್ದಾರೆ. ಮೊದಲ ಬಿಲ್ ಬಂದಾಗ ಬೇಕಾಗುತ್ತದೆ.

ಸಂಜೆ ಐದೂವರೆ. ಫೈಲ್ ಅಕ್ಕನ ಬೀರುವಿಗೆ ಹೋಯಿತು, ಮನೆ ಖಾತೆ ಪತ್ರದ ಪಕ್ಕಕ್ಕೆ. ಒಂದೇ ಕಾಗದ ಬಾಕಿ. ಮೆಸ್ಕಾಂ ಒಪ್ಪಂದದ ಸಹಿಯಾದ ಪ್ರತಿ ಏಜೆನ್ಸಿಯ ಆಫೀಸಿನಲ್ಲೇ ಉಳಿದಿದೆಯಂತೆ, ಸೋಮವಾರ ತರುತ್ತಾರಂತೆ. ಹುಡುಗ ಕಾಫಿ ಕುಡಿದು, "ಹಾಗಾದ್ರೆ ಅಕ್ಕ, ಆ ಬ್ಯಾಲೆನ್ಸು..." ಅಂದ.

"ಸೋಮವಾರ ಬಾರಪ್ಪ, ನೀರ್‌ದೋಸೆ ಮಾಡಿರ್ತೀನಿ" ಅಂದಳು ಅಕ್ಕ.