ಹಸಿವಿಗೆ ವಿಪ್, ಸಾವಿಗೆ ಆತ್ಮಸಾಕ್ಷಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪಕ್ಷ ಹೇಳಿದ್ದು ಕೇಳಬೇಕೋ, ಮನಸ್ಸು ಹೇಳಿದ್ದು ಕೇಳಬೇಕೋ? ರಾಜಕೀಯದಲ್ಲಿ ಇರುವವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಬ್ರಿಟನ್ನಿನವರು ಇದಕ್ಕೆ ತಮ್ಮದೇ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಕೆಲವು ವಿಷಯಗಳಲ್ಲಿ ಪಕ್ಷಗಳು ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಅಪ್ಪಣೆ, ಹೊರಡಿಸುವುದೇ ಇಲ್ಲ. ಆ ದಿನ ಪ್ರತಿಯೊಬ್ಬ ಎಂಪಿಯೂ ತನ್ನ ಆತ್ಮಸಾಕ್ಷಿಯಂತೆ ಮತ ಹಾಕಬಹುದು.

2025ರ ಜೂನ್ 20ರಂದು ಹಾಗೆ ಒಂದು ಮತದಾನ ನಡೆಯಿತು. ಇನ್ನು ಆರು ತಿಂಗಳೊಳಗೆ ಸಾವು ಖಚಿತ ಎನ್ನುವಂಥ ರೋಗಿ ತಾನೇ ಬಯಸಿದರೆ, ಸಾಯಲು ವೈದ್ಯರ ನೆರವು ಕೊಡಬಹುದೇ ಎಂಬುದು ವಿಷಯ. ಕೆಳಮನೆಯಲ್ಲಿ ಪರವಾಗಿ 314 ಮತ, ವಿರುದ್ಧ 291 ಮತ ಬಿದ್ದವು. ಪ್ರಧಾನಿ ಕೀರ್ ಸ್ಟಾರ್ಮರ್ ಪರವಾಗಿ ಮತ ಹಾಕಿದರು. ಅವರದೇ ಸಂಪುಟದ ಆರೋಗ್ಯ ಮಂತ್ರಿ ವೆಸ್ ಸ್ಟ್ರೀಟಿಂಗ್ ವಿರುದ್ಧ ಹಾಕಿದರು. ಯಾರೂ ಯಾರಿಗೂ ನೋಟಿಸ್ ಕೊಡಲಿಲ್ಲ. ಮಸೂದೆ ತಂದಿದ್ದು ಕಿಮ್ ಲೆಡ್‌ಬೀಟರ್ ಎಂಬ, ಮಂತ್ರಿಯಲ್ಲದ ಹಿಂದಿನ ಸಾಲಿನ ಎಂಪಿ. ಚರ್ಚೆಯಲ್ಲಿ ಎಂಪಿಗಳು ತಮ್ಮ ತಂದೆ ಹೇಗೆ ಸತ್ತರು, ತಾಯಿ ಎಷ್ಟು ನರಳಿದರು ಅಂತ ಹೇಳಿಕೊಂಡರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೂಗಾಡಲಿಲ್ಲ. ಬುಧವಾರ ಪ್ರಧಾನಿಯ ಪ್ರಶ್ನೋತ್ತರದಲ್ಲಿ ಆಗುವ ಗಲಾಟೆ ನೋಡಿದವರಿಗೆ ಇದು ಅದೇ ಸಭೆಯೇ ಅಂತ ಅನುಮಾನ ಬರಬೇಕು.

ನನಗೆ ಈ ಪದ್ಧತಿಯ ಮೇಲೆ ಗೌರವವಿದೆ. ಗಲ್ಲು ಶಿಕ್ಷೆ ಹೋಗಿದ್ದು ಹೀಗೆಯೇ. ತಿಮೊತಿ ಎವನ್ಸ್ ಎಂಬ ಯುವಕನನ್ನು 1950ರಲ್ಲಿ ಗಲ್ಲಿಗೇರಿಸಿದರು, ತನ್ನ ಹಸುಗೂಸನ್ನು ಕೊಂದ ಆರೋಪದ ಮೇಲೆ. ಆಮೇಲೆ ನೋಡಿದರೆ ಅದೇ ಮನೆಯಲ್ಲಿದ್ದ ಕ್ರಿಸ್ಟಿ ಎಂಬುವನು ಸರಣಿ ಕೊಲೆಗಾರ. ಎವನ್ಸ್‌ಗೆ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ, ಸತ್ತು ಹದಿನಾರು ವರ್ಷದ ಮೇಲೆ. 1965ರಲ್ಲಿ ಪಾರ್ಲಿಮೆಂಟ್ ಕೊಲೆಗೆ ಗಲ್ಲು ನಿಲ್ಲಿಸಿದಾಗ ಜನಾಭಿಪ್ರಾಯ ಗಲ್ಲಿನ ಪರವಾಗಿಯೇ ಇತ್ತು. ಆದರೂ ಎಂಪಿಗಳು ನಿಲ್ಲಿಸಿದರು. 1967ರಲ್ಲಿ ಗರ್ಭಪಾತದ ಕಾನೂನು, ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ಕಾನೂನು ಬಂದಿದ್ದೂ ವಿಪ್ ಇಲ್ಲದ ಮತದಾನದಿಂದಲೇ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿದರೆ ಸೀಟೇ ಹೋಗಬಹುದು. ಇಲ್ಲಿ ಬ್ರಿಟನ್ನಿನಲ್ಲಿ ಪಕ್ಷ ಹೊರಗೆ ಹಾಕಬಹುದು, ಸೀಟಿಗೆ ಕೈ ಹಚ್ಚುವ ಹಾಗಿಲ್ಲ. ಇದು ಸಣ್ಣ ವ್ಯತ್ಯಾಸ ಅಲ್ಲ.

ಆದರೆ ಇಷ್ಟು ವರ್ಷ ಈ ದೇಶದಲ್ಲಿದ್ದು ನೋಡಿದ ಮೇಲೆ ನನಗೊಂದು ತಕರಾರಿದೆ. ಯಾವುದು ಆತ್ಮಸಾಕ್ಷಿಯ ವಿಷಯ, ಯಾವುದು ಅಲ್ಲ ಅಂತ ಹಂಚಿದವರು ಯಾರು? ಹುಟ್ಟು, ಸಾವು, ಗಲ್ಲು, ಕಾಮ, ಇವೆಲ್ಲ ಸಾಕ್ಷಿಯ ಪಾಲಿಗೆ. ದುಡ್ಡು, ಹಸಿವು, ಯುದ್ಧ, ಇವೆಲ್ಲ ವಿಪ್ ಪಾಲಿಗೆ.

ಮೂರನೇ ಮಗುವಿನ ಕಥೆ ಕೇಳಿ. 2017ರ ಏಪ್ರಿಲ್‌ನಿಂದ ಇಲ್ಲಿ ಒಂದು ನಿಯಮ ಬಂತು. ಬಡ ಕುಟುಂಬಕ್ಕೆ ಸರ್ಕಾರ ಕೊಡುವ ಮಕ್ಕಳ ನೆರವು ಎರಡು ಮಕ್ಕಳಿಗೆ ಮಾತ್ರ. ಆಮೇಲೆ ಹುಟ್ಟಿದ ಮೂರನೆಯದಕ್ಕೆ ಇಲ್ಲ. ಕೆಲವು ವಿನಾಯಿತಿ ಇದ್ದವು. ಅದರಲ್ಲಿ ಒಂದು, ಅತ್ಯಾಚಾರದಿಂದ ಹುಟ್ಟಿದ ಮಗು. ಅಂದರೆ ತಾಯಿಯಾದವಳು ಅದನ್ನು ಫಾರ್ಮಿನಲ್ಲಿ ತಿಳಿಸಬೇಕಿತ್ತು. ಆ ಫಾರ್ಮನ್ನು ಯಾರೋ ಒಬ್ಬ ಅಧಿಕಾರಿ ಮೇಜಿನ ಮುಂದೆ ಕೂತು ತಯಾರು ಮಾಡಿರುತ್ತಾನೆ, ಇನ್ನೊಬ್ಬ ಅಚ್ಚಿಗೆ ಕಳಿಸಿರುತ್ತಾನೆ. ಅವರ ಕೈ ನಡುಗಲಿಲ್ಲವೇ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

2024ರ ಜುಲೈನಲ್ಲಿ ಲೇಬರ್ ಪಕ್ಷ ಭಾರಿ ಬಹುಮತದಿಂದ ಅಧಿಕಾರಕ್ಕೆ ಬಂತು. ಆಗ ಸರ್ಕಾರದ ಅಂಕಿಅಂಶದ ಪ್ರಕಾರವೇ 16 ಲಕ್ಷ ಮಕ್ಕಳು ಈ ನಿಯಮದ ಬಿಸಿ ತಟ್ಟಿದ ಮನೆಗಳಲ್ಲಿದ್ದರು. ಜುಲೈ 23ರಂದು ಇದನ್ನು ತೆಗೆಯಬೇಕೆಂಬ ತಿದ್ದುಪಡಿ ಮತಕ್ಕೆ ಬಂತು. ವಿಪ್ ಮೀರಿ ಅದರ ಪರ ನಿಂತ ಏಳು ಲೇಬರ್ ಎಂಪಿಗಳನ್ನು ಪಕ್ಷ ಅಮಾನತು ಮಾಡಿತು. ಖಜಾನೆಯಲ್ಲಿ ದುಡ್ಡಿಲ್ಲ ಎಂಬುದು ಕಾರಣ. ಇರಲಿ, ಅದೂ ಒಂದು ಕಾರಣವೇ. ಆದರೆ 2025ರ ನವೆಂಬರ್ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ರೇಚೆಲ್ ರೀವ್ಸ್ ಎದ್ದು ನಿಂತು, 2026ರ ಏಪ್ರಿಲ್‌ನಿಂದ ಆ ನಿಯಮ ರದ್ದು ಎಂದರು. ಅವರ ಹಿಂದಿನ ಸಾಲಿನವರು ಕುಣಿದಾಡಿದರು. ಅದೇ ಮಾತಿಗೆ ಹದಿನಾರು ತಿಂಗಳ ಹಿಂದೆ ಶಿಕ್ಷೆ, ಈಗ ಚಪ್ಪಾಳೆ!

ಸುಮ್ನೆ ಅಂಕಿಗಳ ವಿಷಯ ಅಲ್ಲ ಇದು. ಇಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬಿಲ್ ಕೊಟ್ಟು ಹೊರಗೆ ಬರುವ ಬಾಗಿಲ ಹತ್ತಿರ ಒಂದು ದೊಡ್ಡ ಬುಟ್ಟಿ ಇಟ್ಟಿರುತ್ತಾರೆ. ಫುಡ್ ಬ್ಯಾಂಕಿಗೆ, ಅಂದರೆ ಇಲ್ಲದವರಿಗೆ ಆಹಾರ ಹಂಚುವ ಕೇಂದ್ರಕ್ಕೆ, ನಿಮ್ಮ ಕೈಲಾದ್ದು ಹಾಕಿ ಎಂದು ಬರೆದಿರುತ್ತದೆ. ಅದರಲ್ಲಿ ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿ, ಪಾಸ್ತಾ, ಮಕ್ಕಳ ಡೈಪರ್. ಟ್ರಸಲ್ ಟ್ರಸ್ಟ್ ಎಂಬ ಸೇವಾಸಂಸ್ಥೆ ಸಾಲ್ಸ್‌ಬರಿ ಊರಿನಲ್ಲಿ ಮೊದಲ ಫುಡ್ ಬ್ಯಾಂಕ್ ತೆರೆದಿದ್ದು 2000ದಲ್ಲಿ. 2024ರ ಮಾರ್ಚಿಗೆ ಮುಗಿದ ಒಂದೇ ವರ್ಷದಲ್ಲಿ ಅದರ ಜಾಲ ಹಂಚಿದ ಪೊಟ್ಟಣಗಳು 31 ಲಕ್ಷಕ್ಕೂ ಜಾಸ್ತಿ. ಅದರಲ್ಲಿ 11 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ. ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿ ಇರುವ ದೇಶ ಇದು. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನನಗೆ ಕಿರಿಕಿರಿ ಆಗುವುದು ಆ ಬುಟ್ಟಿ ನಮಗೆಲ್ಲ ಎಷ್ಟು ಅಭ್ಯಾಸವಾಗಿಹೋಗಿದೆ ಎಂಬುದಕ್ಕೆ. ಟ್ರಾಲಿ ನಿಲ್ಲಿಸುವ ಜಾಗದಷ್ಟೇ ಸಹಜವಾಗಿ ಅದೂ ಅಲ್ಲಿರುತ್ತದೆ.

ಕೋವಿಡ್ ಕಾಲದಲ್ಲಿ ಈ ವಿಷಯದಲ್ಲಿ ಆತ್ಮಸಾಕ್ಷಿಯ ಮಾತು ಬಂದಿದ್ದು ಪಾರ್ಲಿಮೆಂಟಿನಿಂದಲ್ಲ, ಫುಟ್‌ಬಾಲ್ ಮೈದಾನದಿಂದ. ಮಾರ್ಕಸ್ ರ‍್ಯಾಶ್‌ಫರ್ಡ್‌ಗೆ ಆಗ 22 ವರ್ಷ. ತಾನೇ ಶಾಲೆಯ ಉಚಿತ ಊಟ ತಿಂದು ಬೆಳೆದವನು. ರಜೆಯಲ್ಲಿ ಶಾಲೆ ಮುಚ್ಚಿದರೆ ಮಕ್ಕಳು ಏನು ತಿನ್ನಬೇಕು ಅಂತ ಎಂಪಿಗಳಿಗೆ ಬಹಿರಂಗ ಪತ್ರ ಬರೆದ. 2020ರ ಜೂನ್‌ನಲ್ಲಿ ಸರ್ಕಾರ ಬಗ್ಗಿತು. ಅಕ್ಟೋಬರ್‌ನಲ್ಲಿ ಮತ್ತೆ ಬಿಗಿಯಾಯಿತು, 322ಕ್ಕೆ 261 ಮತದಿಂದ ಊಟದ ಪ್ರಸ್ತಾಪ ಬಿತ್ತು. ಮಾರನೆಯ ದಿನದಿಂದ ಊರೂರಿನ ಕೆಫೆಗಳು, ಮೀನು-ಚಿಪ್ಸ್ ಅಂಗಡಿಗಳು ನಮ್ಮಲ್ಲಿಗೆ ಬನ್ನಿ, ಮಕ್ಕಳಿಗೆ ನಾವು ಊಟ ಕೊಡುತ್ತೇವೆ ಅಂದವು. ನವೆಂಬರ್‌ನಲ್ಲಿ ಸರ್ಕಾರ ಮತ್ತೆ ಮಾತು ಬದಲಿಸಿತು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಅನಾವರಣ ಆಗಿದ್ದು. ನದಿಯಾಚೆ ಪಾರ್ಲಿಮೆಂಟು. ಕನ್ನಡಿಗರು ಅಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವೆ. ಆತ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಎಂಬುದು ಫೋಟೋ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಕಾಯಕ, ದಾಸೋಹ ಎಂದು ಹೇಳಿದವನಿಗೆ ಖಜಾನೆಯ ಲೆಕ್ಕ ಬೇರೆ, ಆತ್ಮಸಾಕ್ಷಿಯ ಲೆಕ್ಕ ಬೇರೆ ಆಗಿರಲಿಲ್ಲ ಅಲ್ವಾ?

ಯುದ್ಧದ ವಿಷಯಕ್ಕೆ ಬರೋಣ. 2003ರ ಮಾರ್ಚ್ 17ರ ಸಂಜೆ ರಾಬಿನ್ ಕುಕ್ ಮಂತ್ರಿ ಪದವಿ ಬಿಟ್ಟು, ಇರಾಕ್ ಯುದ್ಧಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದರು. ಮಾತು ಮುಗಿದಾಗ ಕೆಲವು ಎಂಪಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸಭೆಯಲ್ಲಿ ಚಪ್ಪಾಳೆ ತಟ್ಟುವ ರೂಢಿಯೇ ಇಲ್ಲ. ಮಾರನೆಯ ದಿನ ವಿಪ್ ಮೀರಿ 139 ಲೇಬರ್ ಎಂಪಿಗಳು, ಯುದ್ಧಕ್ಕೆ ಕಾರಣ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿಯ ಪರ ನಿಂತರು. ಆದರೂ ಯುದ್ಧ ನಿಲ್ಲಲಿಲ್ಲ. ಶಾಂತಿಯ ದಾರಿಗಳು ಇನ್ನೂ ಇದ್ದವು, ಯುದ್ಧ ಕೊನೆಯ ಉಪಾಯ ಆಗಿರಲಿಲ್ಲ ಎಂದು ಆ ಯುದ್ಧದ ವಿಚಾರಣೆ ನಡೆಸಿದ ಚಿಲ್ಕಾಟ್ ವರದಿ ಹೇಳಿದ್ದು 2016ರಲ್ಲಿ. ಕುಕ್ ತೀರಿಕೊಂಡು ಆಗಲೇ ಹತ್ತಿರ ಹತ್ತಿರ ಹನ್ನೊಂದು ವರ್ಷ ಆಗಿತ್ತು.

ಹಾಗಂತ ಯುದ್ಧದಲ್ಲಿ ಆತ್ಮಸಾಕ್ಷಿಗೆ ಇಲ್ಲಿ ಜಾಗವೇ ಇರಲಿಲ್ಲ ಅನ್ನಲಾರೆ. 1916ರಲ್ಲಿ ಕಡ್ಡಾಯ ಸೈನ್ಯ ಸೇವೆ ತಂದಾಗಲೇ, ಕೊಲ್ಲುವುದು ನನ್ನಿಂದಾಗದು ಎನ್ನುವವರಿಗೆ ಅದೇ ಕಾನೂನಿನಲ್ಲಿ ಒಂದು ಬಾಗಿಲು ಇಟ್ಟಿದ್ದರು. ಒಳಗೆ ಹೋದವರ ಪಾಡು ಬೇರೆ. 35 ಜನರನ್ನು ಫ್ರಾನ್ಸಿಗೆ ಒಯ್ದು ಮರಣದಂಡನೆ ಓದಿ ಹೇಳಿ, ಆಮೇಲೆ ಹತ್ತು ವರ್ಷದ ಜೈಲಿಗೆ ಇಳಿಸಿದರು. ಯುದ್ಧ ಮುಗಿದ ಮೇಲೆ ಇಂಥವರಲ್ಲಿ ಬಹಳ ಜನರಿಗೆ ಐದು ವರ್ಷ ಮತದಾನದ ಹಕ್ಕನ್ನೇ ಕೊಡಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಚೌಕದಲ್ಲಿ ಅವರ ನೆನಪಿಗೆ ಒಂದು ಕಲ್ಲು ನೆಟ್ಟಿದ್ದು 1994ರಲ್ಲಿ. ಗಾಂಧೀಜಿ ಕೂತಿರುವ ಪ್ರತಿಮೆ ಇರುವುದೂ ಅದೇ ಚೌಕದಲ್ಲಿ.

ಇನ್ನು ನನ್ನನ್ನು ಬಹಳ ಕಾಡಿದ ವಿಷಯ. ಪೋಸ್ಟ್ ಆಫೀಸಿನದು.

ಬ್ರಿಟನ್ನಿನ ಹಳ್ಳಿ, ಪೇಟೆಗಳಲ್ಲಿ ಪೋಸ್ಟ್ ಆಫೀಸ್ ಅಂದರೆ ಸಾಮಾನ್ಯವಾಗಿ ಒಂದು ಅಂಗಡಿ. ಹಾಲು, ಬ್ರೆಡ್ಡು, ಪತ್ರಿಕೆ, ಮೂಲೆಯಲ್ಲಿ ಅಂಚೆಯ ಕೌಂಟರ್. ನಡೆಸುವವರು ಗುತ್ತಿಗೆ ಮಾಡಿಕೊಂಡ ಸಾಮಾನ್ಯ ಜನ. ಅವರಲ್ಲಿ ನಮ್ಮ ಉಪಖಂಡದ ಮೂಲದವರು ಬಹಳ. 1999ರಿಂದ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಸಂಜೆ ಲೆಕ್ಕ ಮುಗಿಸಿದರೆ ನೂರು ಪೌಂಡ್ ಕಮ್ಮಿ, ಸಾವಿರ ಪೌಂಡ್ ಕಮ್ಮಿ. ಸಹಾಯವಾಣಿಗೆ ಫೋನ್ ಮಾಡಿದರೆ, ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ ಎಂಬ ಉತ್ತರ. ಗುತ್ತಿಗೆಯ ಪ್ರಕಾರ ಕೊರತೆ ತುಂಬಿಕೊಡಬೇಕು. ಜನ ಉಳಿತಾಯ ತೆಗೆದರು, ಮನೆ ಅಡ ಇಟ್ಟರು, ನೆಂಟರ ಹತ್ತಿರ ಸಾಲ ಮಾಡಿದರು. ತುಂಬಲಾಗದವರ ಮೇಲೆ ಕೇಸು. ಪೊಲೀಸರೂ ಬೇಕಿರಲಿಲ್ಲ, ಪೋಸ್ಟ್ ಆಫೀಸೇ ಖುದ್ದಾಗಿ ಮೊಕದ್ದಮೆ ಹೂಡಬಹುದಿತ್ತು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಸೀಮಾ ಮಿಶ್ರಾ ಎಂಬ ಗರ್ಭಿಣಿಯನ್ನು 2010ರಲ್ಲಿ ಜೈಲಿಗೆ ಹಾಕಿದರು. ಆ ದಿನ ಅವರ ಮಗನ ಹುಟ್ಟಿದ ಹಬ್ಬ. ಕನಿಷ್ಠ 13 ಜನ ಇದೇ ಕಾರಣಕ್ಕೆ ಪ್ರಾಣ ಕಳೆದುಕೊಂಡಿರಬಹುದು ಎಂದು ವಿಚಾರಣಾ ಆಯೋಗದ ಮೊದಲ ಸಂಪುಟ 2025ರ ಜುಲೈನಲ್ಲಿ ಹೇಳಿತು. ತಪ್ಪು ಇದ್ದಿದ್ದು ಕಂಪ್ಯೂಟರಿನಲ್ಲಿ.

ಇಲ್ಲಿ ಬ್ರಿಟಿಷರ ಒಂದು ಗುಣ ಕೆಲಸ ಮಾಡಿತು ಅಂತ ನನಗನ್ನಿಸುತ್ತದೆ. ಗಲಾಟೆ ಮಾಡಬಾರದು, ಸದ್ದಿಲ್ಲದೆ ಸಹಿಸಬೇಕು ಎಂಬ ಗುಣ. ಕ್ಯೂನಲ್ಲಿ ಚಂದ ಕಾಣುವ ಈ ಗುಣ ಅನ್ಯಾಯಕ್ಕೂ ಅನುಕೂಲ. ನಮ್ಮವರಿಗೆ ಅದರ ಜೊತೆ ಮರ್ಯಾದೆಯ ಭಯ ಬೇರೆ. ನಾಲ್ಕು ಜನಕ್ಕೆ ಗೊತ್ತಾದರೆ ಅಂತ ಬಾಯಿ ಮುಚ್ಚಿಕೊಂಡು ದುಡ್ಡು ಕಟ್ಟಿದರು.

ಅಲನ್ ಬೇಟ್ಸ್ ಕಟ್ಟಲಿಲ್ಲ. ವೇಲ್ಸ್‌ನ ಕ್ರೇಗ್-ಐ-ಡಾನ್‌ನಲ್ಲಿ ಅವರ ಅಂಗಡಿ. ನನ್ನದಲ್ಲದ ಕೊರತೆಗೆ ನಾನು ಹೊಣೆಯಲ್ಲ ಎಂದರು. 2003ರಲ್ಲಿ ಗುತ್ತಿಗೆ ಹೋಯಿತು. 2009ರಲ್ಲಿ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ತಮ್ಮಂಥವರನ್ನು ಸೇರಿಸಿದರು. ನಿಮಗೊಬ್ಬರಿಗೇ ಎಂಬ ಸುಳ್ಳು ಆ ಹಾಲಿನಲ್ಲಿ ಬಯಲಾಯಿತು. ಹ್ಯಾಂಪ್‌ಶೈರಿನ ಜೋ ಹ್ಯಾಮಿಲ್ಟನ್ ಮೇಲೆ ಕೇಸು ನಡೆದಾಗ ಊರಿನವರು ಕೋರ್ಟಿಗೆ ಬಂದು ಜೊತೆ ನಿಂತಿದ್ದರು, ಹಣ ಕೂಡಿಸಿಕೊಟ್ಟಿದ್ದರು. ಕಂಪ್ಯೂಟರ್ ಏನೇ ಹೇಳಲಿ, ಈಕೆ ಕಳ್ಳಿಯಲ್ಲ ಅಂತ ಅವರಿಗೆ ಗೊತ್ತಿತ್ತು.

2012ರಿಂದ 2019ರವರೆಗೆ ಪೋಸ್ಟ್ ಆಫೀಸಿನ ಮುಖ್ಯಸ್ಥೆ ಆಗಿದ್ದ ಪೌಲಾ ವೆನೆಲ್ಸ್ ಚರ್ಚ್ ಆಫ್ ಇಂಗ್ಲೆಂಡಿನ ದೀಕ್ಷೆ ಪಡೆದ ಪಾದ್ರಿ. ನನಗೆ ಸರಿಯಾದ ಮಾಹಿತಿ ಬರಲಿಲ್ಲ, ಜನರನ್ನು ನಂಬಿದ್ದು ಜಾಸ್ತಿಯಾಯಿತು ಎಂದು ವಿಚಾರಣೆಯಲ್ಲಿ ಹೇಳಿದರು. ಅವರ ಒಳಗಿನದನ್ನು ಅಳೆಯಲು ನಾನ್ಯಾರು? ಆದರೆ ಅವರಿಗೆ ಬಿರುದು ಇರುವ ತನಕ ನನಗೆ ಬಿರುದು ಬೇಡ ಎಂದು ಬೇಟ್ಸ್ ತಮಗೆ ಕೊಡಲು ಬಂದದ್ದನ್ನು ಒಪ್ಪಿಕೊಂಡಿರಲಿಲ್ಲ. 2024ರ ಜನವರಿಯಲ್ಲಿ ಟೀವಿಯಲ್ಲಿ ಇದೇ ಕಥೆಯ ನಾಲ್ಕು ಕಂತಿನ ನಾಟಕ ಬಂತು, ದೇಶ ರೊಚ್ಚಿಗೆದ್ದಿತು. ಮೇ ತಿಂಗಳಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ನೂರಾರು ತೀರ್ಪುಗಳನ್ನು ರದ್ದು ಮಾಡಿತು. ಕೋರ್ಟು, ಪತ್ರಿಕೆ, ಅರ್ಜಿಗಳಿಂದ ಹದಿನೈದು ವರ್ಷದಲ್ಲಿ ಆಗದ್ದು ನಾಲ್ಕು ರಾತ್ರಿಯ ಟೀವಿಯಿಂದ ಆಯಿತು. ಖುಷಿಪಡಬೇಕೋ ನಾಚಬೇಕೋ ನೀವೇ ಹೇಳಿ.

ಇಲ್ಲಿರುವ ಕನ್ನಡಿಗ ಗೆಳೆಯರ ಹತ್ತಿರ ಇದನ್ನೆಲ್ಲ ಎತ್ತಿದರೆ, ನಮಗ್ಯಾಕೆ ಸ್ವಾಮಿ ಇವರ ರಾಜಕೀಯ ಅನ್ನುತ್ತಾರೆ. ವೀಸಾ ಶುಲ್ಕ ಏರಿದಾಗ ಮಾತ್ರ ರಾಜಕೀಯ ನಮ್ಮದಾಗುತ್ತದೆ. ಕಾನೂನಿನಂತೆ ಇಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶದ ಪ್ರಜೆಗಳು ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ. ಮತಗಟ್ಟೆಯಲ್ಲಿ ಗುರುತಿಗೆ ಅದೇ ಪಾಸ್‌ಪೋರ್ಟ್ ನಡೆಯುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಿರುವವರಲ್ಲಿ ಅರ್ಧ ಜನ, ಮುಂದಿನ ವಾರ ಹೆಸರು ಸೇರಿಸ್ತೇನೆ ಅನ್ನುತ್ತಾರೆ. ನಾನು ಈಗ ವಾದ ಮಾಡುವುದು ಬಿಟ್ಟಿದ್ದೇನೆ. ಮಾತಿನ ನಡುವೆಯೇ ನೋಂದಣಿ ಫಾರ್ಮಿನ ಕೊಂಡಿ ಅವರ ಫೋನಿಗೆ ಕಳಿಸಿಬಿಡುತ್ತೇನೆ. ಐದು ನಿಮಿಷದ ಕೆಲಸ, ಕಾಫಿ ಆರುವ ಮೊದಲೇ ಮುಗಿಯುತ್ತದೆ.

ನಮಸ್ಕಾರ.