ಕಂಪನಿಯ ಸುದ್ದಿ ಕಂಪನಿಯ ಬಾಯಿಂದಲೇ ಕೇಳಿ

ಎಲ್ಲ ಕೇಳುಗರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರಲ್ಲಿ ನಿವೃತ್ತ ಮೇಷ್ಟ್ರು ಇರಬಹುದು, ಬ್ಯಾಂಕಿನಲ್ಲಿ ದುಡಿದು ಮನೆಯಲ್ಲಿರುವವರು ಇರಬಹುದು, ಅಡುಗೆ ಮಾಡುತ್ತಲೇ ಕಿವಿಗೊಟ್ಟಿರುವ ತಾಯಂದಿರು ಇರಬಹುದು, ಷೇರನ್ನು ಕಾಗದವಿಲ್ಲದೆ ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಯನ್ನು ಮೊಬೈಲಿನಲ್ಲೇ ತೆರೆದ ಹುಡುಗ ಹುಡುಗಿಯರೂ ಇರಬಹುದು. ನಿಮ್ಮ ಹತ್ತಿರ ಯಾವುದೋ ಕಂಪನಿಯ ಹತ್ತೇ ಹತ್ತು ಷೇರು ಇದ್ದರೂ ಈ ಮಾತು ನಿಮಗಾಗಿಯೇ. ಹತ್ತು ಷೇರಿನವರಿಗೂ ಹತ್ತು ಲಕ್ಷ ಷೇರಿನವರಿಗೂ ಕಂಪನಿ ಒಂದೇ ಸುದ್ದಿಯನ್ನು ಒಂದೇ ಹೊತ್ತಿಗೆ ಹೇಳಬೇಕು. ಇದು ಕಂಪನಿ ನಿಮಗೆ ಮಾಡುವ ಉಪಕಾರವಲ್ಲ, ಕಾನೂನು. ಹೀಗಿರುವಾಗ ಷೇರಿನ ಸುದ್ದಿಯನ್ನು ವಾಟ್ಸಾಪ್ ಗುಂಪಿನಲ್ಲಿ, ಟೆಲಿಗ್ರಾಮ್ ಚಾನೆಲ್ಲಿನಲ್ಲಿ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರ ಹತ್ತಿರ ಯಾಕೆ ಕೇಳುತ್ತೀರಿ? ಕಂಪನಿಯ ಬಾಯಿಂದಲೇ ಕೇಳಿ. ಇವತ್ತು ನಾನು ಹೇಳಲು ಬಂದಿರುವುದು ಇದೊಂದನ್ನೇ.

ನನ್ನದು ಕಂಪನಿ ಸೆಕ್ರೆಟರಿ ಕೆಲಸ. ಕಂಪನಿಯೊಳಗೆ ಏನಾಯಿತು ಎಂದು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸುವುದು, ಷೇರುದಾರರಿಗೆ ಪತ್ರ ಕಳಿಸುವುದು, ವರ್ಷಕ್ಕೊಮ್ಮೆ ಮಹಾಸಭೆ ಕರೆಯುವುದು, ಇವೆಲ್ಲ ನಮ್ಮ ಮೇಜಿನಿಂದಲೇ ಆಗಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2015ರಲ್ಲಿ ಲಿಸ್ಟೆಡ್ ಕಂಪನಿಗಳಿಗೆಂದು, ಅಂದರೆ ಷೇರುಪೇಟೆಯಲ್ಲಿ ಷೇರಿನ ವಹಿವಾಟು ನಡೆಯುವ ಕಂಪನಿಗಳಿಗೆಂದು, ಒಂದು ದೊಡ್ಡ ನಿಯಮಾವಳಿ ತಂದಿತು. ಆಮೇಲೆ ಅದಕ್ಕೆ ತಿದ್ದುಪಡಿಯ ಮೇಲೆ ತಿದ್ದುಪಡಿ ಬಂದಿದೆ. ನೀವು ಅದನ್ನೆಲ್ಲ ಓದಬೇಕಿಲ್ಲ, ಅದಕ್ಕೆ ನಾವಿದ್ದೇವೆ. ಸುದ್ದಿ ತಿಳಿಸಬೇಕಾದ ಗಡುವಿನ ಗಡಿಯಾರ ಹೇಗೆ ಬದಲಾಗಿದೆ ಎನ್ನುವುದನ್ನು ಮಾತ್ರ ತಿಳಿದುಕೊಳ್ಳಿ.

2023ರ ಜುಲೈಯಿಂದ ನಿಯಮ ಹೀಗಿದೆ. ಆಡಳಿತ ಮಂಡಳಿ ಸಭೆ ಮುಗಿದ 30 ನಿಮಿಷದೊಳಗೆ ಅಲ್ಲಿ ಆದ ಮುಖ್ಯ ತೀರ್ಮಾನವನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಕಂಪನಿಯೊಳಗಿನಿಂದಲೇ ಹುಟ್ಟಿದ ಬೇರೆ ಸಂಗತಿಯಾದರೆ 12 ಗಂಟೆ. ಹೊರಗಿನಿಂದ ಬಂದದ್ದಾದರೆ, ಉದಾಹರಣೆಗೆ ಯಾವುದೋ ಇಲಾಖೆಯ ಆದೇಶ, 24 ಗಂಟೆ. ಪೇಟೆ ಮುಚ್ಚಿದ ಮೇಲೆ ಮಂಡಳಿ ಸಭೆ ಮುಗಿದರೆ ತಿಳಿಸಲು 3 ಗಂಟೆಗಳ ಕಾಲಾವಕಾಶ ಎಂದು 2024ರ ಡಿಸೆಂಬರಿನಲ್ಲಿ ಸ್ವಲ್ಪ ಸಡಿಲ ಮಾಡಿದರು. ಆ 30 ನಿಮಿಷ ಹೇಗಿರುತ್ತದೆ ಗೊತ್ತೇ? ನಿರ್ದೇಶಕರು ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ, ಕಾಫಿ ಲೋಟ ಅಲ್ಲೇ ಇರುತ್ತದೆ. ನಾವು ಸಭೆ ಶುರುವಾದ ಸಮಯ, ಮುಗಿದ ಸಮಯ ಬರೆದು, ಅಂಕಿಗಳನ್ನು ಇನ್ನೊಮ್ಮೆ ತಾಳೆ ನೋಡಿ, ಡಿಜಿಟಲ್ ಸಹಿ ಹಾಕಿ, ಬಿಎಸ್‌ಇ, ಎನ್‌ಎಸ್‌ಇ ಎನ್ನುವ ಎರಡೂ ವಿನಿಮಯ ಕೇಂದ್ರಗಳ ಪೋರ್ಟಲ್ಲಿಗೆ ಅಪ್‌ಲೋಡ್ ಮಾಡುತ್ತಿರುತ್ತೇವೆ. ಇಷ್ಟೆಲ್ಲ ಅವಸರ ಯಾರಿಗಾಗಿ? ನಿಮಗಾಗಿ. ಊರಲ್ಲಿ ಡಂಗುರ ಸಾರಿದ ಹಾಗೆ ಅದು ಎಲ್ಲರ ಕಿವಿಗೂ ಒಟ್ಟಿಗೆ ಬೀಳಲಿ ಎಂದು. ಆ ಕಾಗದ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಹಣ ಕೊಡಬೇಕಿಲ್ಲ, ಯಾರ ಪರಿಚಯವೂ ಬೇಕಿಲ್ಲ. ಕಂಪನಿಯ ಹೆಸರು ಟೈಪ್ ಮಾಡಿ, ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್ ಎಂದಿರುವಲ್ಲಿ ಒತ್ತಿ. ಅಷ್ಟೇ.

ಒಟ್ಟಿಗೆ ಕೇಳಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. 2019ರ ಅಕ್ಟೋಬರ್ 21ರಂದು, ಇನ್ಫೋಸಿಸ್ ಮುಖ್ಯಸ್ಥರ ಮೇಲೆ ಆರೋಪ ಹೊರಿಸಿದ ಅನಾಮಧೇಯ ಪತ್ರವೊಂದು ಪತ್ರಿಕೆಗಳ ಮೂಲಕ ಹೊರಬಿತ್ತು. ಅವತ್ತು ನಮ್ಮ ಪೇಟೆಗೆ ರಜೆ, ನ್ಯೂಯಾರ್ಕಿನಲ್ಲಿ ಆ ಷೇರಿನ ವಹಿವಾಟು ನಡೆಯುತ್ತಿತ್ತು. ಮಾರನೆಯ ದಿನ ಇಲ್ಲಿ ಷೇರಿನ ಬೆಲೆ ಶೇಕಡ 16ರಷ್ಟು ಕುಸಿಯಿತು. ಇದನ್ನು ಮೊದಲೇ ಏಕೆ ತಿಳಿಸಲಿಲ್ಲ ಎಂದು ಷೇರು ವಿನಿಮಯ ಕೇಂದ್ರ ವಿವರಣೆ ಕೇಳಿತು. ಆರೋಪಗಳಿಗೆ ಆಧಾರವಿಲ್ಲ ಎಂದು 2020ರ ಜನವರಿಯಲ್ಲಿ ಕಂಪನಿಯ ಆಡಿಟ್ ಸಮಿತಿ ತನಿಖೆ ಮುಗಿಸಿ ಹೇಳಿತು. ಅಷ್ಟರಲ್ಲಿ ಗಾಬರಿಯಲ್ಲಿ ಮಾರಿದವರು ಮಾರಿಯಾಗಿತ್ತು.

ಈಗ ಗಾಳಿಸುದ್ದಿಗೂ ನಿಯಮ ಬಂದಿದೆ. ಪ್ರಮುಖ ಮಾಧ್ಯಮದಲ್ಲಿ ಒಂದು ವದಂತಿ ಬಂದು, ಅದರಿಂದ ಷೇರಿನ ಬೆಲೆ ಗಣನೀಯವಾಗಿ ಏರಿಳಿದರೆ, ಕಂಪನಿ 24 ಗಂಟೆಯೊಳಗೆ ಹೌದು ಅನ್ನಬೇಕು, ಅಲ್ಲ ಅನ್ನಬೇಕು ಅಥವಾ ವಿವರಿಸಬೇಕು. ಮೊದಲ 100 ದೊಡ್ಡ ಕಂಪನಿಗಳಿಗೆ ಇದು 2024ರ ಜೂನ್ 1ರಿಂದ ಜಾರಿಗೆ ಬಂತು, ಮೊದಲ 250 ಕಂಪನಿಗಳಿಗೆ ಅದೇ ವರ್ಷದ ಡಿಸೆಂಬರ್ 1ರಿಂದ. ಆದರೆ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದದ್ದಕ್ಕೆ ಯಾವ ಕಂಪನಿಯೂ ಉತ್ತರ ಕೊಡಬೇಕಿಲ್ಲ. ಅಲ್ಲಿ ಬಂದದ್ದನ್ನು ನಂಬಿ ಕೊಂಡು, ಆಮೇಲೆ ಕಂಪನಿಗೆ ಫೋನ್ ಮಾಡಿ ಕೇಳುವವರಿದ್ದಾರೆ. ಮೊದಲೇ ಕೇಳಬೇಕಿತ್ತಲ್ಲವೇ?

ನನಗೆ ಬಹಳ ಖುಷಿ ಕೊಟ್ಟ ಬದಲಾವಣೆ ಇನ್ನೊಂದಿದೆ. ಲಾಭ ನಷ್ಟದ ಫಲಿತಾಂಶ ಪ್ರಕಟವಾದ ಮೇಲೆ ಕಂಪನಿಯ ಮುಖ್ಯಸ್ಥರು ಮುಂಬೈನ, ಸಿಂಗಪುರದ ಷೇರು ವಿಶ್ಲೇಷಕರ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಕಠಿಣ ಪ್ರಶ್ನೆಗಳೆಲ್ಲ ಬರುವುದು ಅಲ್ಲೇ. ಹಿಂದೆ ಅದು ಅವರವರ ನಡುವಿನ ಮಾತಾಗಿ ಉಳಿಯುತ್ತಿತ್ತು. 2022ರ ಏಪ್ರಿಲ್ 1ರಿಂದ ಆ ಮಾತುಕತೆಯ ಧ್ವನಿಮುದ್ರಣವನ್ನು ಮುಂದಿನ ವಹಿವಾಟಿನ ದಿನಕ್ಕೆ ಮೊದಲು ಅಥವಾ 24 ಗಂಟೆಯೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಹಾಕಬೇಕು. ಅದರ ಅಕ್ಷರರೂಪ 5 ಕೆಲಸದ ದಿನಗಳಲ್ಲಿ ಬರಬೇಕು. ಒಂದೇ ಒಂದು ಸಲ ಕೇಳಿ ನೋಡಿ. ಸಾಲ ಯಾಕೆ ಹೆಚ್ಚಾಯಿತು ಎಂದು ಕೇಳಿದಾಗ ಅಧ್ಯಕ್ಷರು ನೇರವಾಗಿ ಉತ್ತರ ಕೊಟ್ಟರೋ, ಮಾತು ತಿರುಗಿಸಿದರೋ ನಿಮಗೇ ಗೊತ್ತಾಗುತ್ತದೆ. ಕಂಪನಿಯ ಬಾಯಿಂದಲೇ ಕೇಳಿ ಎಂದು ನಾನು ಹೇಳುವುದು ಇದನ್ನೇ.

ಇನ್ನು ಮನೆಗೆ ಬರುವ ಕಾಗದದ ವಿಷಯ. ಹಿಂದೆ ದಪ್ಪನೆಯ ವಾರ್ಷಿಕ ವರದಿ ಅಂಚೆಯಲ್ಲಿ ಬರುತ್ತಿತ್ತು. ಈಗ ಇಮೇಲಿಗೆ ಬರುತ್ತದೆ. ಇಮೇಲ್ ಕೊಡದವರಿಗೆ ವರದಿ ಯಾವ ವೆಬ್‌ಸೈಟಿನಲ್ಲಿ ಎಲ್ಲಿದೆ ಎಂದು ತಿಳಿಸುವ ಒಂದು ಪತ್ರ ಬರುತ್ತದೆ. ಮುದ್ರಿತ ಪ್ರತಿ ಬೇಕಾದರೆ ಕೇಳಿ ಪಡೆಯಬೇಕು. ಕೇಳದಿದ್ದರೆ ಬರುವುದಿಲ್ಲ. ಕಂಪನಿ ಕಳಿಸುತ್ತಲೇ ಇರುತ್ತದೆ, ತಲುಪುತ್ತದೋ ಇಲ್ಲವೋ ನೋಡಿಕೊಳ್ಳಬೇಕಾದವರು ನೀವು. ಇದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳಲೇಬೇಕು.

ಮಲೆನಾಡಿನ ಕಡೆಯ ಒಬ್ಬ ಹಿರಿಯ ಹೆಂಗಸು. ಯಜಮಾನರು ಹೈಸ್ಕೂಲು ಮೇಷ್ಟ್ರಾಗಿದ್ದವರು, ಯಾವ ಕಾಲದಲ್ಲೋ ಒಂದು ಕಂಪನಿ ಮೊದಲ ಸಲ ಷೇರು ಬಿಟ್ಟಾಗ 100 ಷೇರು ತೆಗೆದುಕೊಂಡಿದ್ದರು. ನಿವೃತ್ತಿಯಾದ ಮೇಲೆ ತೀರ್ಥಹಳ್ಳಿ ಬಿಟ್ಟು ಮಗನ ಜೊತೆ ಮೈಸೂರಿಗೆ ಬಂದರು. ಹಾಲಿನವನಿಗೆ, ಪೇಪರಿನವನಿಗೆ, ಎಲ್‌ಐಸಿಗೆ, ಪಿಂಚಣಿ ಕಚೇರಿಗೆ ಹೊಸ ವಿಳಾಸ ಕೊಟ್ಟರು. ಕಂಪನಿಗೆ ಕೊಡಲಿಲ್ಲ. ವರ್ಷ ವರ್ಷವೂ ಡಿವಿಡೆಂಡ್ ವಾರಂಟು, ಅಂದರೆ ಲಾಭಾಂಶದ ಚೆಕ್ಕು, ತೀರ್ಥಹಳ್ಳಿಗೆ ಹೋಗುವುದು, ಪೋಸ್ಟ್‌ಮ್ಯಾನ್ ಲಕೋಟೆಯ ಮೇಲೆ ನೀಲಿ ಪೆನ್ನಿನಲ್ಲಿ ‘ಲೆಫ್ಟ್’ ಎಂದು ಬರೆಯುವುದು, ಅದು ವಾಪಸು ಬರುವುದು. ಷೇರು ವಿಭಾಗದವರ ಬೀರುವಿನಲ್ಲಿ ಅಂಥ ಲಕೋಟೆಗಳ ಕಟ್ಟುಗಳೇ ಇರುತ್ತವೆ. ಒಂದೊಂದಕ್ಕೂ ರಬ್ಬರ್ ಬ್ಯಾಂಡು, ಮೇಲೆ ವರ್ಷದ ಚೀಟಿ.

ಮೇಷ್ಟ್ರು ತೀರಿಕೊಂಡರು. ಕಂಪನಿ ಕಾಯ್ದೆಯ ಪ್ರಕಾರ ಸತತ 7 ವರ್ಷ ಡಿವಿಡೆಂಡ್ ಪಡೆಯದಿದ್ದರೆ ಆ ಹಣದ ಜೊತೆಗೆ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ. ಐಇಪಿಎಫ್ ಎನ್ನುತ್ತಾರಲ್ಲ, ಅದೇ. ಹಾಗೆ ವರ್ಗಾಯಿಸುವ 3 ತಿಂಗಳು ಮೊದಲು ಷೇರುದಾರರಿಗೆ ಪತ್ರ ಬರೆಯಬೇಕು, ಇಂಗ್ಲಿಷ್ ಪತ್ರಿಕೆಯಲ್ಲೂ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಜಾಹೀರಾತು ಕೊಡಬೇಕು. ಕಂಪನಿ ಅದನ್ನೆಲ್ಲ ಮಾಡಿತ್ತು. ಷೇರು ನಿಧಿಗೆ ಹೋಯಿತು.

ಆಮೇಲೊಮ್ಮೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಟ್ರಂಕಿನಲ್ಲಿ, ಜಮೀನಿನ ಪಹಣಿಯ ಕೆಳಗೆ ಷೇರು ಸರ್ಟಿಫಿಕೇಟ್ ಸಿಕ್ಕಿತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮಗನ ಜೊತೆ ನನ್ನ ಹತ್ತಿರ ಬಂದರು. ಕನ್ನಡ ಪೇಪರಿನಲ್ಲಿ ಜಾಹೀರಾತು ಬಂದಿತ್ತಲ್ಲ ಅಮ್ಮಾ, ನೋಡಲಿಲ್ಲವೇ ಎಂದು ಕೇಳಿದೆ. “ನೋಡಿದ್ದೆ ಕಣಮ್ಮಾ. ದಿನಾ ಮೊದಲಿಂದ ಕೊನೆ ತನಕ ಪೇಪರ್ ಓದ್ತೀನಿ. ಅದು ದೊಡ್ಡೋರ ವ್ಯವಹಾರ ಅಂತ ಪುಟ ತಿರುಗಿಸಿಬಿಟ್ಟೆ” ಎಂದರು.

ಆ ಮಾತು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಷೇರುದಾರರ ಮನೆಯವರೇ ಅವರು, ಮಾತು ಬಂದಿದ್ದೂ ಅವರಿಗೇ, ಅವರ ಭಾಷೆಯಲ್ಲೇ. ಆಮೇಲೆ ಅವರು ಪಟ್ಟ ಪಾಡು ಕೇಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆ ಪತ್ರ, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ನೋಟರಿ ಸಹಿ. ಸರ್ಟಿಫಿಕೇಟಿನಲ್ಲಿ ಮೇಷ್ಟ್ರ ಇನಿಷಿಯಲ್ ಹೆಸರಿನ ಮುಂದೆ, ಮರಣ ಪ್ರಮಾಣಪತ್ರದಲ್ಲಿ ಹೆಸರಿನ ಹಿಂದೆ. ಇಬ್ಬರೂ ಒಬ್ಬರೇ ಎಂದು ತೋರಿಸಲು ಇನ್ನೊಂದು ಪ್ರಮಾಣಪತ್ರ. ನಾಮಿನಿ ಇದ್ದಿದ್ದರೆ ಇದರಲ್ಲಿ ಎಷ್ಟೋ ಕಾಗದ ಬೇಕಾಗುತ್ತಿರಲಿಲ್ಲ. ಕೊನೆಗೆ ಐಇಪಿಎಫ್-5 ಅರ್ಜಿ ಆನ್‌ಲೈನಿನಲ್ಲಿ ಹಾಕಿ, ಕಾಗದಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಿ, ಕಂಪನಿ ಪರಿಶೀಲಿಸಿ ವರದಿ ಕೊಟ್ಟ ಮೇಲೆ ಷೇರು ವಾಪಸು ಬಂತು. ಅದು ಬರುವುದು ಡಿಮ್ಯಾಟ್ ಖಾತೆಗೇ ಆದ್ದರಿಂದ ಆ ವಯಸ್ಸಿನಲ್ಲಿ ಖಾತೆಯನ್ನೂ ತೆರೆದರು. ಕಂಪನಿ ಉಚಿತವಾಗಿ ಕೊಟ್ಟ ಬೋನಸ್ ಷೇರು, ಒಂದು ಷೇರನ್ನು ಹಲವು ಮಾಡುವ ಷೇರು ವಿಭಜನೆ ಎಲ್ಲ ಸೇರಿ 100 ಷೇರು ಎಷ್ಟೋ ಪಟ್ಟು ಬೆಳೆದಿತ್ತು. ಈಗ ಆ ಅಮ್ಮ ಕಂಪನಿಯ ಜಾಹೀರಾತು ಕಂಡರೆ ಕನ್ನಡಕ ಹಾಕಿಕೊಂಡು ಓದುತ್ತಾರೆ, ಅರ್ಥವಾಗದಿದ್ದರೆ ನನಗೆ ಫೋನ್ ಮಾಡುತ್ತಾರೆ.

ಆ ಜಾಹೀರಾತಿನ ಬಗ್ಗೆ ಒಂದು ಮಾತು. ಕಂಪನಿಯ ನೋಂದಾಯಿತ ಕಚೇರಿ ಯಾವ ಪ್ರದೇಶದಲ್ಲಿದೆಯೋ ಅಲ್ಲಿನ ಭಾಷೆಯ ದಿನಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಬೇಕು ಎನ್ನುವುದು ನಿಯಮ. ಆದ್ದರಿಂದಲೇ ವಿಪ್ರೊ, ಬಯೋಕಾನ್, ಮಂಗಳೂರಿನ ಕರ್ಣಾಟಕ ಬ್ಯಾಂಕ್, ಇವುಗಳ ಅಂಕಿ ಕನ್ನಡ ಪತ್ರಿಕೆಯಲ್ಲಿ ಬರಬೇಕಾಗುತ್ತದೆ. ಟೈಟಾನ್ ನಮಗೆಲ್ಲ ಬೆಂಗಳೂರಿನದೇ ಅನ್ನಿಸಿದರೂ ಅದರ ನೋಂದಾಯಿತ ಕಚೇರಿ ಹೊಸೂರಿನಲ್ಲಿದೆ, ಹಾಗಾಗಿ ಅದಕ್ಕೆ ತಮಿಳು. ಆದರೆ 2024ರ ಡಿಸೆಂಬರಿನ ತಿದ್ದುಪಡಿಯ ನಂತರ ಪೂರ್ತಿ ಅಂಕಿಪಟ್ಟಿ ಹಾಕಬೇಕಾಗಿಲ್ಲ, ಒಂದು ಕ್ಯುಆರ್ ಕೋಡ್, ವೆಬ್ ವಿಳಾಸ ಇದ್ದರೆ ಸಾಕು. ಕಾಗದ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಆ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವುದು ಬಹುತೇಕ ಇಂಗ್ಲಿಷ್ ಪುಟ. ಕನ್ನಡದಲ್ಲಿ ಓದುತ್ತಿದ್ದವರಿಗೆ ಇದು ನಷ್ಟವೇ. ಕೇಳುತ್ತಿರುವ ಕಂಪನಿಯವರಿದ್ದರೆ ದಯವಿಟ್ಟು ಗಮನಿಸಿ, ಫಲಿತಾಂಶದ ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲಿ ವೆಬ್‌ಸೈಟಿಗೆ ಹಾಕಬಾರದು ಎಂದು ಯಾವ ನಿಯಮವೂ ಹೇಳಿಲ್ಲ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 2020ರಿಂದ ವಾರ್ಷಿಕ ಮಹಾಸಭೆಯನ್ನು ವಿಡಿಯೋ ಮೂಲಕ ನಡೆಸಲು ಅವಕಾಶವಿದೆ. ಹಿಂದೆ ಬೆಂಗಳೂರಿನ ಸಭಾಂಗಣಕ್ಕೆ ಬಂದವರಿಗೆ ಮಾತ್ರ ಮೈಕು. ಈಗ ಹೊನ್ನಾವರದಲ್ಲಿ, ಮುಧೋಳದಲ್ಲಿ ಕೂತೇ ಅಧ್ಯಕ್ಷರನ್ನು ಪ್ರಶ್ನೆ ಕೇಳಬಹುದು, ಮೊದಲೇ ಹೆಸರು ನೋಂದಾಯಿಸಿರಬೇಕು ಅಷ್ಟೇ. ಸಭೆಯ ನೋಟಿಸು 21 ದಿನ ಮೊದಲು ಬರುತ್ತದೆ. ಇ-ವೋಟಿಂಗ್ ಕನಿಷ್ಠ 3 ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ವಾರ್ಷಿಕ ವರದಿಯಲ್ಲಿ ಬಣ್ಣದ ಫೋಟೋಗಳನ್ನು ದಾಟಿ ಆಡಿಟರ್ ವರದಿಗೆ ಹೋಗಿ. ಅಲ್ಲಿ ಆಡಿಟರ್ ಯಾವುದಕ್ಕಾದರೂ ತಕರಾರು ಎತ್ತಿದ್ದರೆ ಅದನ್ನು ಓದದೆ ಮುಂದೆ ಹೋಗಬೇಡಿ.

ಇವತ್ತು ರಾತ್ರಿ ಊಟವಾದ ಮೇಲೆ ಮಾಡಬೇಕಾದ ಕೆಲಸ ಒಂದಿದೆ. ಡಿಮ್ಯಾಟ್ ಇರುವವರು ಖಾತೆಯಲ್ಲಿ ಇಮೇಲ್, ಮೊಬೈಲ್, ಬ್ಯಾಂಕ್ ವಿವರ, ನಾಮಿನಿ ಸರಿ ಇದೆಯೇ ನೋಡಿ. ಕಾಗದದ ಸರ್ಟಿಫಿಕೇಟ್ ಇರುವವರು ಅದನ್ನು ಹೊರಗೆ ತೆಗೆದು ಫೋಲಿಯೊ ನಂಬರ್, ಅಂದರೆ ಕಂಪನಿಯ ಪುಸ್ತಕದಲ್ಲಿ ನಿಮ್ಮ ಖಾತೆಯ ಸಂಖ್ಯೆ, ಬರೆದಿಟ್ಟುಕೊಳ್ಳಿ. 2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಬೇರೆಯವರ ಹೆಸರಿಗೆ ಮಾರಲು ಆಗುವುದಿಲ್ಲ. 2024ರ ಏಪ್ರಿಲ್ 1ರಿಂದ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ವಿವರ ಕೊಡದ ಫೋಲಿಯೊಗೆ ಡಿವಿಡೆಂಡ್ ಕೈಗೆ ಬರುವುದಿಲ್ಲ. ಷೇರುದಾರರ ಲೆಕ್ಕ ಇಡುವ ಕಂಪನಿಯ ರಿಜಿಸ್ಟ್ರಾರ್ ಯಾರೆಂದು ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ, ಈ ವಿವರಗಳಿಗಾಗಿ ಐಎಸ್‌ಆರ್-1 ಅರ್ಜಿಯನ್ನೂ ನಾಮಿನಿಗಾಗಿ ಎಸ್‌ಎಚ್-13 ಅರ್ಜಿಯನ್ನೂ ತುಂಬಿ ಕಳಿಸಿ. ಅವರಿಂದ ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್ಲಿನಲ್ಲಿ ದೂರು ಹಾಕಿ. ದೂರಿಗೆ ಉತ್ತರ ಕೊಡಲು ಕಂಪನಿಗೆ 21 ದಿನ ಗಡುವು ಇದೆ. ಏನೂ ತಿಳಿಯದಿದ್ದರೆ ಸೆಬಿಯ ಉಚಿತ ಸಹಾಯವಾಣಿ 1800 22 7575. ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ, 1800 22 7575.

ನಮಸ್ಕಾರ.